ಉದ್ದ ಆತ್ರಿ

ಅವರ ಕೆಳತುಟಿಯ ನಟ್ಟನಡುವೆ ಸದಾ ಒಂದು ಬಿಳಿಯ ಕಲೆ ಇರುತ್ತಿತ್ತು. ಹೊಸಬರು ಅದನ್ನು ತೊನ್ನೆಂದು ತಿಳಿದು ಕಣ್ಣು ತಪ್ಪಿಸುತ್ತಿದ್ದರು. ಅದು ವಿಭೂತಿಯ ಗುರುತು. ಮಾತು ಮುಗಿದ ಕೂಡಲೇ ಬಲಗೈಯ ಹೆಬ್ಬೆರಳನ್ನು ತುಟಿಯ ಮೇಲೊತ್ತಿ, ಕರಡಿಗೆಗೆ ಮುಚ್ಚಳ ಹಾಕಿದಂತೆ ಬಾಯಿ ಮುಚ್ಚುವುದು ಅವರ ರೂಢಿ. ದಿನವಿಡೀ ವಿಭೂತಿಯ ಗಟ್ಟಿಗಳನ್ನು ಎತ್ತಿ ಇಳಿಸಿ ಮಾರುವ ಬೆರಳಾದ್ದರಿಂದ, ಆಡಿದ ಪ್ರತಿ ಮಾತಿಗೂ ಒಂದು ಮುದ್ರೆ ಬಿದ್ದಂತೆ ಆ ಕಲೆ ಹೊಸದಾಗುತ್ತಿತ್ತು. ಆ ಹೆಬ್ಬೆರಳು ತುಟಿಗೆ ಏರಿತೆಂದರೆ ಇನ್ನು ಮೇಲ್ಮನವಿಯಿಲ್ಲ ಎಂಬುದು ರಾಯದುರ್ಗದ ನಮ್ಮ ಓಣಿಗೆಲ್ಲ ತಿಳಿದಿತ್ತು.

ಅವರು ನಮ್ಮ ಓಣಿಯ ಅಯ್ಯನವರು. ಮನೆಯ ಮುಂದಿನ ಪಡಸಾಲೆಯಲ್ಲೇ ವಿಭೂತಿ, ರುದ್ರಾಕ್ಷಿ, ಶಿವದಾರಗಳ ಸಣ್ಣ ಅಂಗಡಿ. ನಮ್ಮ ಶೈವ ಮನೆತನಗಳಲ್ಲಿ ಮದುವೆಯಾದರೂ, ಮಣ್ಣಾದರೂ ಮುಂದೆ ನಿಂತು ನಡೆಸಿಕೊಡುವವರು ಅವರೇ. ನಾನು ಮಡಕಶಿರಾ ಕಡೆಯವನು. ಕನ್ನಡ ಪಂಡಿತನಾಗಿ ಇಲ್ಲಿಯ ಶಾಲೆಗೆ ಬಂದು, ಇಲ್ಲಿಯೇ ನಿವೃತ್ತನಾಗಿ, ಅವರ ಮನೆಯಿಂದ ಮೂರನೆಯ ಮನೆಯಲ್ಲಿ ನೆಲೆ ನಿಂತವನು. ಪ್ರತಿದಿನ ಬೆಳಗಿನ ಲಿಂಗಪೂಜೆ ಮುಗಿಸಿ ಅವರ ಜಗುಲಿಯಲ್ಲಿ ಒಂದಿಷ್ಟು ಹೊತ್ತು ಕುಳಿತು ಬರುವುದು ನನ್ನ ಪಾಲಿಗೆ ಪೂಜೆಯ ಉತ್ತರಾಂಗವೇ ಆಗಿಹೋಗಿತ್ತು.

ಅವರ ಖ್ಯಾತಿಗೆ, ಅದಕ್ಕಿಂತ ಹೆಚ್ಚಾಗಿ ಅವರ ಬಗೆಗಿನ ಭಯಕ್ಕೆ, ಕಾರಣವಾದದ್ದು ಒಂದು ವಾಡಿಕೆ. ನಮ್ಮ ಓಣಿಯಲ್ಲಿ ಯಾರೇ ಲಿಂಗೈಕ್ಯರಾದರೂ ಅವರ ಶಿವಗಣಾರಾಧನೆಯ ದಿನ ಪಂಕ್ತಿ ಕೂತು, ಎಲೆಗೆ ಬಡಿಸಿ, ಮೊದಲ ತುತ್ತು ಎತ್ತುವ ಮುನ್ನ ಅಯ್ಯನವರು ಎದ್ದು ನಿಂತು ಹೋದವರ ಕುರಿತು ನಾಲ್ಕು ಮಾತು ಆಡಬೇಕು. ಇವರ ತಂದೆಯವರ ಕಾಲದಲ್ಲಿ ಆ ನಾಲ್ಕು ಮಾತು ನಲವತ್ತಾಗಿ, ಅನ್ನ ಆರಿ, ಸತ್ತವರೆಲ್ಲರೂ ಕಲಿಯುಗದ ಕರ್ಣರಾಗಿ ಕೈಲಾಸ ಸೇರುತ್ತಿದ್ದರು. ಇವರು ಆ ಸ್ಥಾನಕ್ಕೆ ಬಂದ ಮೇಲೆ ನಾಲ್ಕು ಮಾತು ಒಂದಾಯಿತು. ಆ ಒಂದು ಮಾತು ಅನ್ನದೊಡನೆ ಗಂಟಲಿಗಿಳಿಯುತ್ತಿತ್ತು. ಬೇರೆ ಯಾರಾದರೂ ಮಾತು ಬೆಳೆಸಿದರೆ "ಉದ್ದ ಆತ್ರಿ" ಎಂದು ತಡೆಯುವರು.

ದೇವಸ್ಥಾನಕ್ಕೆ ಹಿತ್ತಾಳೆಯ ಗಂಟೆ ಕೊಡಿಸಿ, ಅದರ ಮೈತುಂಬ ತಮ್ಮ ಹೆಸರನ್ನು ಕೆತ್ತಿಸಿದ್ದ ವ್ಯಾಪಾರಸ್ಥರೊಬ್ಬರು ತೀರಿಕೊಂಡಾಗ ಅವರು ಹೇಳಿದ್ದು ಇಷ್ಟು: "ಇವರ ಗಂಟಿ ಹೊಡದಾಗೆಲ್ಲ ದೇವರು ಎಚ್ಚರಾಗತಿದ್ದ, ಹೆಸರು ಓದಿ ಮತ್ತ ಮಲಗತಿದ್ದ." ಹೆಬ್ಬೆರಳು ತುಟಿಗೆ ಹೋಯಿತು. ಪಂಕ್ತಿ ತುಂಬ ಜನ ತಲೆ ತಗ್ಗಿಸಿ, ಹೆಗಲು ಕುಣಿಸಿ ನಕ್ಕರು. ಸತ್ತವರ ಮಗ ಮಾತ್ರ ಎಲೆಯ ಮುಂದೆ ಕೈಯೆತ್ತದೆ ಕುಳಿತಿದ್ದ. ಇಂದಿಗೂ ಆ ಗಂಟೆ ಬಾರಿಸಿದರೆ ಯಾರಾದರೊಬ್ಬರು "ಶ್, ಓದಲಿಕ್ಕ ಹತ್ಯಾನ" ಎನ್ನುವುದುಂಟು.

ಸೊಸೆಯನ್ನು ಹಗಲಿರುಳು ಬೈಗುಳದಲ್ಲೇ ಬಾಳಿಸಿದ ಹಿರಿಯ ಗೃಹಿಣಿಯ ಬಗ್ಗೆ: "ಈ ತಾಯಿ ಸೊಸಿಗೆ ಒಂದ್ ಮಾತು ಅಂದಾಕಿ ಅಲ್ಲ, ಒಂದಕ್ಕ ನಿಲ್ಲಿಸಿದ್ದನ್ನ ನಾ ಕೇಳಿಲ್ಲ." ಊರಿಗೆ ಶಾಲೆ ಕಟ್ಟಿಸಿದ ಗುತ್ತಿಗೆದಾರರ ಬಗ್ಗೆ: "ಇವರು ಕಟ್ಟಿಸಿದ ಸಾಲಿ ಬಿದ್ದ ದಿನ ರಜಾ ಇತ್ತು. ಇವರ ಪುಣ್ಯ ಅಷ್ಟ."

ಮೊದಮೊದಲು ಜನ ಇವನ್ನು ಬಾಯಿಂದ ಬಾಯಿಗೆ ದಾಟಿಸುತ್ತಿದ್ದರು. ಈಚೆಗೆ ಮೊಬೈಲಿನಲ್ಲಿ ಹಿಡಿದು ಕಳಿಸತೊಡಗಿದರು. ನೆಂಟರನ್ನು ಹೊತ್ತ ಬಸ್ಸು ಕಣೇಕಲ್ಲು ಮುಟ್ಟುವ ಮೊದಲೇ ಅಯ್ಯನವರ ಮಾತು ಅಲ್ಲಿಯ ಹೋಟೆಲುಗಳಲ್ಲಿ ಚಹಾದೊಡನೆ ಹಂಚಿಹೋಗಿರುತ್ತಿತ್ತು. ಉಳ್ಳವರು ಕಾಯಿಲೆ ಬಿದ್ದಾಗ ಸಾವಿಗಿಂತ ಹೆಚ್ಚಾಗಿ ಆ ಒಂದು ಸಾಲಿಗೆ ಹೆದರುತ್ತಿದ್ದರೆಂದರೆ ಉತ್ಪ್ರೇಕ್ಷೆಯಲ್ಲ. ಹಣ್ಣು ಕಳಿಸಿ ನೋಡಿದರು, ಪಾದಪೂಜೆ ಮಾಡಿಸಿ ನೋಡಿದರು. ಅಯ್ಯನವರು ಹಣ್ಣು ತಿಂದರು, ಪೂಜೆ ಮಾಡಿಸಿಕೊಂಡರು, ಮಾತು ಬದಲಿಸಲಿಲ್ಲ.

ಅವರ ನಾಲಿಗೆಗೆ ಕರುಣೆಯೇ ಇರಲಿಲ್ಲವೆಂದರೆ ಪಾಪ ಬರುತ್ತದೆ. ಕಟ್ಟಡದ ಕೂಲಿ ಮಾಡಿ ಸವೆದ ಮುದುಕಿಯೊಬ್ಬಳ ಗಣಾರಾಧನೆಯನ್ನು ಓಣಿಯವರೇ ಸೇರಿ ಮಾಡಿದಾಗ ಅವರು, "ನಾವೆಲ್ಲ ಕುಂತ ಮನಿ ಕಲ್ಲು ಈಕಿ ಹೊತ್ತದ್ದು. ಏಳ್ರಿ, ಒಂದ್ ಸಲ ನಿಂತು ಕೈ ಮುಗೀರಿ" ಎಂದರು. ಎಲೆಯ ಮುಂದೆ ಕುಳಿತಿದ್ದವರೆಲ್ಲ ಎದ್ದು ನಿಂತೆವು. ಆದರೆ ಆ ಮಾತನ್ನು ಯಾರೂ ಮೊಬೈಲಿನಲ್ಲಿ ಕಳಿಸಲಿಲ್ಲ. ಕಣೇಕಲ್ಲಿಗೆ ಅದು ಮುಟ್ಟಲೇ ಇಲ್ಲ.

ಚಾಟೂಕ್ತಿ, ಸೂತ್ರ, ಸುಭಾಷಿತ ಇವುಗಳ ಲಕ್ಷಣಗಳನ್ನು ಮಕ್ಕಳಿಗೆ ಬರೆಸಿ ಬರೆಸಿ ಹಳಬನಾಗಿದ್ದ ನಾನು ಒಂದು ಬೆಳಗ್ಗೆ ಅವರನ್ನು ಕೇಳಿದೆ: "ಅಯ್ಯನೋರೆ, ಒಂದೇ ಮಾತೆಂಬ ನೇಮ ಯಾಕೆ? ಎರಡಾಡಿದರೆ ಇನ್ನೊಂದರಲ್ಲಿ ಸ್ವಲ್ಪ ಒಳ್ಳೆಯದನ್ನೂ ಹೇಳಬಹುದಲ್ಲ?"

ಅವರು ತಕ್ಕಡಿಯ ಮೇಲಿನ ವಿಭೂತಿಯನ್ನು ಕೆಳಗಿಟ್ಟು ಹೇಳಿದರು: "ಪಂಡಿತ್ರ, ಸುಳ್ಳಿಗೆ ಜಾಗ ಬೇಕ್ರಿ. ಮಾತು ಸಣ್ಣದು ಮಾಡಿದ್ರ ಅದಕ್ಕ ಕುಂದ್ರಾಕ ಜಾಗ ಸಿಗಂಗಿಲ್ಲ."

ಶಾಸ್ತ್ರಗಳಲ್ಲಿ ನಾನು ಓದಿದ ಲಕ್ಷಣಗಳೆಲ್ಲ ಆ ಕ್ಷಣದಲ್ಲಿ ಉದ್ದವಾಗಿ ಕಂಡವು.

"ಮತ್ತೆ ಬದುಕಿದ್ದಾಗಲೇ ಯಾಕೆ ಹೇಳುವುದಿಲ್ಲ? ಕೇಳಿದವರು ತಿದ್ದಿಕೊಂಡಾರು."

"ಬದುಕಿದ್ದಾಂವನ ಲೆಕ್ಕ ಇನ್ನೂ ನಡದಿರತೈತಿ. ನಡದಿರೋದರ ಮ್ಯಾಲ ಗೆರಿ ಎಳೀಬಾರದು."

ಆ ನೇಮ ನನಗೆ ಧರ್ಮಸೂಕ್ಷ್ಮವಾಗಿ ಕಂಡಿತು. ಬಹಳ ಕಾಲ ಹಾಗೆಯೇ ನಂಬಿದ್ದೆ. ಅದರ ಇನ್ನೊಂದು ಮುಖವನ್ನು ತೋರಿಸಿದ್ದು ನನ್ನ ಸ್ವಂತ ಅಣ್ಣನ ಸಾವು.

ಅಣ್ಣ ಅವ್ವನನ್ನೂ ಮನೆಯ ಹಿರಿಯರನ್ನೂ ಕರೆದುಕೊಂಡು ನನಗಿಂತ ಮೊದಲೇ ಮಡಕಶಿರಾ ಬಿಟ್ಟು ರಾಯದುರ್ಗದ ಇದೇ ಓಣಿಗೆ ಬಂದು, ಜೀನ್ಸ್ ಹೊಲಿಸುವ ಷೆಡ್ಡು ಹಾಕಿ, ನಾಲ್ಕು ಜನ ಮರ್ಯಾದೆ ಕೊಡುವಂತೆ ಬಾಳಿದವನು. ಚಿಕ್ಕ ವಯಸ್ಸಿನಲ್ಲಿ ಮಡಕಶಿರಾದ ಹತ್ತಿರದ ಹಳ್ಳಿಯ ಹೆಣ್ಣನ್ನು ಮದುವೆಯಾಗಿದ್ದ. ಅವರು ನನ್ನ ದೊಡ್ಡತ್ತಿಗೆ. ಮಕ್ಕಳಾಗಲಿಲ್ಲವೆಂದು ಅವರನ್ನು ತವರಿಗೆ ಕಳಿಸಿ, ಬೆಳುಗುಪ್ಪದಿಂದ ಇನ್ನೊಬ್ಬರನ್ನು ತಂದ. ಅವರು ಚಿಕ್ಕತ್ತಿಗೆ. ಅವರಿಗೂ ಮಕ್ಕಳಾಗಲಿಲ್ಲ. ಊರು ಇಬ್ಬರಿಗೂ ಒಂದೇ ಹೆಸರಿಟ್ಟಿತು: ಬಂಜೆ. ಚಿಕ್ಕತ್ತಿಗೆ ಯಾರ ಮನೆಯ ತೊಟ್ಟಿಲ ಶಾಸ್ತ್ರಕ್ಕೆ ಹೋದರೂ ಹೋಳಿಗೆ ಬೇಯಿಸಲು ಒಳಗೆ ಕರೆಯುವರು. ತೊಟ್ಟಿಲು ತೂಗಲು ಹೊರಗೆ ಕರೆಯರು. ಮುತ್ತೈದೆಯರಿಗೆ ಉಡಿ ತುಂಬುವ ತಟ್ಟೆ ಸಾಲಿನುದ್ದಕ್ಕೂ ಬಂದು ಇವರ ಮುಂದೆ ಮಾತ್ರ ಬೇಗ ಹಾದುಹೋಗುತ್ತಿತ್ತು. ಮೂವತ್ತು ವರ್ಷ ಅವರು ಆ ತಟ್ಟೆ ಹಾದುಹೋಗುವುದನ್ನು ನೋಡುತ್ತ ಕುಳಿತರು.

ಅಣ್ಣನ ಮೂತ್ರಪಿಂಡಗಳು ಕೈಕೊಟ್ಟು, ವೈದ್ಯರು ಮನೆಗೆ ಕರೆದುಕೊಂಡು ಹೋಗಿರೆಂದ ಮೇಲೆ ಅವನ ತಲೆಯಲ್ಲಿ ಉಳಿದದ್ದು ಒಂದೇ ಚಿಂತೆ. ನನ್ನ ಕೈಹಿಡಿದು ಕೇಳಿದ: "ಅಯ್ಯನೋರು ನನ್ ಬಗ್ಗೆ ಏನಂತಾರೋ?" ಕಾಯಿಲೆಯಲ್ಲಿ ಅವನ ನಾಲಿಗೆ ಹುಟ್ಟೂರಿಗೆ ಮರಳಿತ್ತು, ನನ್ನೊಡನೆ ಮಡಕಶಿರಾದ ಮಾತೇ ಆಡುತ್ತಿದ್ದ. "ಅವ್ರನ್ನ ಒಂದ್ಸಲ ಕರ್ಕೊಂಡ್ ಬಾ. ಆ ಮೊದ್ಲನೇ ಅವಮ್ಮನ ಸುದ್ದಿ ಎತ್ತಬ್ಯಾಡಿ ಅಂತ ಕೇಳ್ಕೊಂಬೇಕು. ಜನ ನಕ್ಕೊಂಡು ಉಂಡು ಹೋಗ್ಬಾರ್ದು ಕಣೋ."

ಅಯ್ಯನವರು ಒಂದು ಬೆಳಗ್ಗೆ ಬಂದರು. ಅಣ್ಣ ಮುಂಚೆಯೇ ಚಿಕ್ಕತ್ತಿಗೆಯನ್ನು ಈಶ್ವರನ ಗುಡಿಗೆ ಕಳಿಸಿದ್ದ. ಮಂಚದ ಬಳಿ ನಾವು ಮೂವರೇ. ಅವರು ಅಣ್ಣನ ಹಣೆಗೆ ವಿಭೂತಿ ಹಚ್ಚಿ, ಸ್ಟೂಲಿನ ಮೇಲೆ ಕುಳಿತು, "ಹೇಳ್ರಿ" ಎಂದರು.

ಅಣ್ಣ ರಾಯದುರ್ಗದ ಮಾತಿಗೆ ಹೊರಳಿ ಶುರುಮಾಡಿದ: "ಅಯ್ಯನೋರ, ಮೊದಲ್ನೇಕಿನ್ನ ನಾ ತವರಿಗೆ ಕಳಿಸಿದ್ದು ಹೌದ್ರಿ. ಆದ್ರ ಅವಾಗ ನಮ್ಮವ್ವ ಹಟ ಹಿಡದಿದ್ಲು, ಮನಿತನ ಮುಂದುವರೀಬೇಕು ಅಂತ ಹಿರೇರು ಕುಂತು ತೀರ್ಮಾನ ಮಾಡಿದ್ರು, ಆಕೀಗೂ ಅಲ್ಲಿ ತಮ್ಮ ಇದ್ದ, ನೋಡ್ಕೊಳ್ಳಾಕ..."

"ಉದ್ದ ಆತ್ರಿ."

ಅಣ್ಣ ಉಸಿರು ತೆಗೆದುಕೊಂಡ. "ಹಿರೇರ ಮಾತು ಮೀರಲಾರದ ಕಳಿಸಿದೆ."

"ಇನ್ನೂ ಉದ್ದ ಐತಿ. ಹಿರೇರನ್ನ ತಗೀರಿ. ಅವರನ್ನ ಮಣ್ಣ ಮಾಡಿ ಭಾಳ ದಿನ ಆತು, ಅವರ ಮಾತು ನಾ ಆಗಲೇ ಹೇಳೀನಿ."

"ಕಳಿಸಿದೆ."

"ಯಾಕ?"

"ಮಕ್ಕಳಾಗಲಿಲ್ಲ ಅಂತ."

"ಎರಡ್ನೇರಿಗೆ ಆದವೇನ್ರಿ?"

ಅಣ್ಣ ಮೇಲ್ಛಾವಣಿ ನೋಡಿದ. ಆಮೇಲೆ ಅಯ್ಯನವರ ಮುಖವನ್ನೇ ನೋಡುತ್ತ ನಿಧಾನವಾಗಿ ಹೇಳಿದ: "ಎರಡ್ನೇ ಲಗ್ನ ಆಗಿ ನಾಕೈದು ವರ್ಷಕ್ಕ ಬಳ್ಳಾರಿಗೆ ಹೋಗಿದ್ದೆ. ಡಾಕ್ಟ್ರು ಪರೀಕ್ಷೆ ಮಾಡಿದ್ರು. ಆ ಕಾಲದ ಪರೀಕ್ಷೆ ಎಷ್ಟು ಖರೇನೋ ಏನೋ. ಆಮ್ಯಾಲ ಔಷಧನೂ ತಗೊಂಡೆ, ಯಾರಿಗೂ ಹೇಳಲಿಲ್ಲ, ಹೇಳಿದ್ರ ಷೆಡ್ಡಿನಾಗ ಹುಡುಗರು ನನ್ನ ಮಾತು ಕೇಳತಿದ್ರೇನ್ರಿ, ನೀವ ಹೇಳ್ರಿ..."

"ಉದ್ದ ಆತ್ರಿ."

ಷೆಡ್ಡಿನ ಕಡೆಯಿಂದ ಹೊಲಿಗೆಯಂತ್ರಗಳ ಸದ್ದು ಕೇಳುತ್ತಿತ್ತು.

"ದೋಷ ನಂದ ಇತ್ತು," ಎಂದ ಅಣ್ಣ.

ಅಯ್ಯನವರು ತಲೆಯಾಡಿಸಿದರು. "ಈಗ ಸರಿ ಆತು."

ನಾನು ಗೋಡೆಗೊರಗಿ ನಿಂತಿದ್ದೆ. ಸಂಕ್ಷೇಪವೆಂಬುದು ಅಲಂಕಾರಶಾಸ್ತ್ರದ ಒಂದು ಗುಣವೆಂದು ಪಾಠ ಹೇಳಿದವನು ನಾನು. ಅದು ಸುಲಿಯುವ ಕತ್ತಿಯೆಂದು ಅಂದು ಕಣ್ಣಾರೆ ಕಂಡೆ. ತಾಯಿ, ಹಿರಿಯರು, ಮನೆತನ, ಕಾಲ, ಔಷಧ ಎಲ್ಲವೂ ಒಂದೊಂದಾಗಿ ಕಳಚಿಬಿದ್ದು ಮಂಚದ ಮೇಲೆ ಅಣ್ಣನೊಬ್ಬನೇ ಉಳಿದಿದ್ದ.

"ಇದನ್ನ ಅಂದುಬಿಡ್ತೀರೇನ್ರಿ?" ಅಣ್ಣ ದಿಂಬಿನಿಂದ ತಲೆಯೆತ್ತಿದ.

"ಕೇಳಬೇಕಾದವರು ಇಬ್ಬರು ಅದಾರ. ನೀವ ಅವರ ಮುಂದ ಅಂದ್ರ ನನ್ನ ಮಾತು ಬ್ಯಾರೆ ಆಗತೈತಿ. ಅನಲಿಲ್ಲಂದ್ರ ಇದ ಆಗತೈತಿ." ಹೆಬ್ಬೆರಳು ತುಟಿಗೇರಿತು. ಅವರು ಎದ್ದು ಹೊರಟರು.

ಕೇಳಬೇಕಾದ ಒಬ್ಬರು ಅದೇ ಮನೆಯಲ್ಲಿ, ಗುಡಿಯಿಂದ ಮರಳಿ, ಒಲೆಯ ಮುಂದೆ ಗಂಜಿ ಕಾಯಿಸುತ್ತಿದ್ದರು. ಅಣ್ಣ ನನ್ನನ್ನು ದೂರದವರ ಬಳಿಗೆ ಕಳಿಸಿದ.

ಮರುದಿನ ಮಡಕಶಿರಾದ ಹತ್ತಿರದ ಆ ಹಳ್ಳಿಗೆ ಹೋದೆ. ದೊಡ್ಡತ್ತಿಗೆ ತಮ್ಮನ ಮನೆಯ ಹಿಂದಿನ ರೇಷ್ಮೆಹುಳುವಿನ ಕೊಠಡಿಯಲ್ಲಿದ್ದರು. ಅವರ ಕೂದಲು ಪೂರಾ ನರೆತಿತ್ತು. ನನ್ನನ್ನು ಗುರುತಿಸಲು ಒಂದು ಕ್ಷಣ ಬೇಕಾಯಿತು. ಗುರುತಿಸಿದ ಮೇಲೆ ಕೈ ನಿಲ್ಲಿಸಲಿಲ್ಲ. "ಕೂತ್ಕೊಳಪ್ಪ. ಹುಳ ಜ್ವರ ಬಿಟ್ಟು, ಪೊರೆ ಕಳಚಿ ಎದ್ದವೆ, ಈಗ ಸೊಪ್ಪು ತಪ್ಪಿಸಿದ್ರೆ ಗೂಡು ಕಟ್ಟಲ್ಲ." ಹಿಪ್ಪುನೇರಳೆಯ ಎಲೆ ಹಾಸುತ್ತಲೇ ಇದ್ದರು. ಹುಳಗಳು ಮೇಯುವ ಸದ್ದು ತುಂತುರು ಮಳೆಯಂತೆ ಕೋಣೆ ತುಂಬಿತ್ತು. ಅಣ್ಣನ ಸ್ಥಿತಿಯನ್ನು ತಿಳಿಸಿ, ಅವನು ಹೇಳಿಕಳಿಸಿದ ಮಾತನ್ನು ಹೇಳಿದೆ: "ದೋಷ ತನ್ನದೇ ಇತ್ತು ಅಂತ ಹೇಳಿ ಕಳಿಸಿದ್ದಾನೆ, ಅತ್ತಿಗೆ."

ಅವರು ತಟ್ಟೆಯಿಂದ ತಟ್ಟೆಗೆ ಹೋದರು. "ಎಲ್ಡನೇಳ್ಗೂ ಆಗ್ಲಿಲ್ಲ ಅಂದಾಗ್ಲೇ ನಂಗೆ ತಿಳೀತು. ಅವತ್ತು ಹೇಳಿದ್ರೆ ನಮ್ಮಪ್ಪ ಅದನ್ನ ಕೇಳಿಸ್ಕೊಂಡು ನೆಮ್ಮದಿಯಾಗಿ ಸಾಯೋನು."

"ಈಗಲಾದರೂ ಹೇಳಬೇಕು ಅಂತ..."

"ನಂಗೆ ಗೊತ್ತಿರೋದನ್ನ ನಂಗೇ ಹೇಳೋಕೆ ಅಷ್ಟು ದೂರದಿಂದ ಬಂದ್ಯಾ?" ಮೊದಲ ಬಾರಿಗೆ ಅವರ ಕೈ ನಿಂತಿತು. "ಗೊತ್ತಿಲ್ದೋರಿಗೆ ಹೇಳೋಕೇಳು."

ಕಾಫಿ ಕೊಟ್ಟರು. ಬಸ್ಸಿನ ಹೊತ್ತು ಕೇಳಿದರು. ಅಣ್ಣ ಹೇಗಿದ್ದಾನೆಂದು ಕೇಳಲಿಲ್ಲ.

ಆ ಉತ್ತರವನ್ನು ಅಣ್ಣನಿಗೆ ಇದ್ದಂತೆಯೇ ಮುಟ್ಟಿಸಿದೆ. ಅವನು ಕಣ್ಣು ಮುಚ್ಚಿದ. ಅಷ್ಟರಲ್ಲಿ ಚಿಕ್ಕತ್ತಿಗೆ ಗಂಜಿಯ ಬಟ್ಟಲು ಹಿಡಿದು ಒಳಗೆ ಬಂದು, ಮಂಚದ ಅಂಚಿನಲ್ಲಿ ಕುಳಿತು, ಚಮಚೆ ಮುಂದೆ ಮಾಡಿದರು. ಅಣ್ಣ ಕಣ್ತೆರೆದು ಅವರನ್ನೇ ನೋಡಿದ. ಅವನ ತುಟಿ ಅಲುಗಿತು. ಹೇಳುತ್ತಾನೆಂದು ನಾನು ಮನಸ್ಸಿನಲ್ಲೇ ಪಂಚಾಕ್ಷರಿ ಹಿಡಿದೆ.

"ಉಪ್ಪು ಸಾಲದು," ಎಂದ.

"ಡಾಕ್ಟ್ರು ಉಪ್ಪು ಬ್ಯಾಡಂದಾರಲ್ರಿ," ಎಂದು ಚಿಕ್ಕತ್ತಿಗೆ ಸೆರಗಿನಿಂದ ಅವನ ಗದ್ದ ಒರೆಸಿದರು. ಅವರು ಒಳಗೆ ಹೋದ ಮೇಲೆ ಅವನು ಗೋಡೆಯ ಕಡೆ ತಿರುಗಿ ಹೇಳಿದ: "ಅಯ್ಯನೋರ್ಗೆ ಹೇಳ್ಬುಡು. ಏನೂ ಅನ್ಬಾರ್ದಂತೆ ಅಂತ. ಸಾಯೋನು ಬೇಡ್ಕೊಂಡ ಅಂತ ಹೇಳು."

ಹೋಗಿ ಹೇಳಿದೆ. ಅಯ್ಯನವರು, "ಕೇಳ್ದೆ" ಎಂದರು. ಅಷ್ಟೇ. ಕೆಲವೇ ದಿನಗಳಲ್ಲಿ ಅಣ್ಣ ಹೋದ.

ಗಣಾರಾಧನೆಯ ದಿನ ಬೆಳುಗುಪ್ಪ, ಬೊಮ್ಮನಹಾಳ್, ಮಡಕಶಿರಾ ಎಲ್ಲ ಕಡೆಯಿಂದ ಜನ ಬಂದಿದ್ದರು. ದೊಡ್ಡತ್ತಿಗೆ ಬರಲಿಲ್ಲ. ಅಣ್ಣನ ಭಾವಚಿತ್ರಕ್ಕೆ ದಪ್ಪ ಹಾರ ಹಾಕಿದ್ದರು. ಪಂಕ್ತಿ ಕೂತಿತು, ಬಡಿಸಿಯಾಯಿತು. ಷೆಡ್ಡಿನ ತೆಲುಗು ಹುಡುಗನೊಬ್ಬ ಪಕ್ಕದವನ ಕಿವಿಯಲ್ಲಿ "ಸ್ವಾಮುಲವಾರು ಏಮಂಟಾರೋ" ಎಂದು, ಅಯ್ಯನವರು ಏನನ್ನುವರೋ ಎಂಬ ಕುತೂಹಲದಿಂದ, ಮೊಬೈಲು ಮೇಲೆತ್ತಿ ಹಿಡಿದ. ನಾನು ಅಯ್ಯನವರ ಕಡೆ ನೋಡಿದೆ. ಅವರು ನನ್ನ ಕಡೆ ನೋಡಲಿಲ್ಲ. ಎದ್ದು ನಿಂತರು.

"ಈ ಮನ್ಯಾಗ ಇಬ್ಬರು ಬಂಜೇರು ಅದಾರ ಅಂತಿದ್ರಿ. ಇದ್ದದ್ದು ಒಬ್ಬರ. ಅವರನ್ನ ಮೊನ್ನೆ ಮಣ್ಣ ಮಾಡಿವಿ."

ಕೆಲವರು ಅರ್ಥವಾಗುವ ಮೊದಲೇ ನಕ್ಕರು. ಅವರ ಮಾತಿಗೆ ನಗುವ ಅಭ್ಯಾಸ ಅಷ್ಟು ಬೇರೂರಿತ್ತು. ಅರ್ಥವಾದೊಡನೆ ಆ ನಗು ಬಾಯಲ್ಲೇ ಸತ್ತಿತು. ಬೆಳುಗುಪ್ಪದ ಬೀಗರು ಭಾವಚಿತ್ರವನ್ನೂ ಎಲೆಯನ್ನೂ ಅದಲುಬದಲಾಗಿ ನೋಡಿದರು. ಮೊಬೈಲು ಮೆಲ್ಲನೆ ಕೆಳಗಿಳಿಯಿತು.

ಚಿಕ್ಕತ್ತಿಗೆ ಪಾಯಸದ ಪಾತ್ರೆ ಹಿಡಿದು ಒಳಬಾಗಿಲಲ್ಲಿ ನಿಂತಿದ್ದರು. ಪಾತ್ರೆಯನ್ನು ಹೊಸ್ತಿಲ ಮೇಲಿಟ್ಟರು. ಗಂಡಸರ ಪಂಕ್ತಿಯ ನಡುವೆ ಎಂದೂ ನಡೆಯದವರು ಎಲೆಗಳ ಮಧ್ಯೆ ನೇರವಾಗಿ ನಡೆದು ಬಂದು ಅಯ್ಯನವರ ಎದುರು ನಿಂತರು. ಅಳುತ್ತಾರೆಂದುಕೊಂಡೆವು. ಕಾಲಿಗೆರಗುತ್ತಾರೆಂದುಕೊಂಡವರೂ ಇದ್ದರು, ಮೂವತ್ತು ವರ್ಷದ ಕಳಂಕವನ್ನು ಒಂದೇ ಮಾತಿನಿಂದ ತೊಳೆದವರಲ್ಲವೇ ಅವರು?

"ಸತ್ತವರ ಮುಂದ ಭಾಳ ಧೈರ್ಯರಿ ನಿಮಗ," ಎಂದರು ಚಿಕ್ಕತ್ತಿಗೆ.

ಅಯ್ಯನವರ ಹೆಬ್ಬೆರಳು ತುಟಿಯ ಕಡೆಗೆ ಹೊರಟಿತ್ತು. ಅರ್ಧಕ್ಕೆ ನಿಂತಿತು.

ಚಿಕ್ಕತ್ತಿಗೆ ಹಿಂದಿರುಗಿ, ಪಾತ್ರೆ ಎತ್ತಿಕೊಂಡು, ಮೊದಲ ಎಲೆಯಿಂದ ಪಾಯಸ ಬಡಿಸುತ್ತ ಬಂದರು. ಅಯ್ಯನವರ ಎಲೆಗೂ ಬಡಿಸಿದರು. ಅಂದು ಯಾರಿಗೂ ಊಟ ರುಚಿಸಲಿಲ್ಲ, ಯಾರೂ ಎಲೆ ಬಿಟ್ಟೇಳಲೂ ಇಲ್ಲ.

ಆ ಮಾತಿನ ಆಳ ನನಗೆ ತಿಳಿದದ್ದು ಒಂದೆರಡು ತಿಂಗಳ ಮೇಲೆ, ಪಕ್ಕದ ಮನೆಯ ತೊಟ್ಟಿಲ ಶಾಸ್ತ್ರದ ದಿನ. ಚಿಕ್ಕತ್ತಿಗೆಯನ್ನು ಅಂದೂ ಒಳಗೇ ಕೂರಿಸಿದ್ದರು. ಈಗ ಅವರನ್ನು ಬಂಜೆಯೆನ್ನುವ ಬಾಯಿ ಓಣಿಯಲ್ಲಿ ಇರಲಿಲ್ಲ, ವಿಧವೆಯೆನ್ನುವ ಬಾಯಿಗಳಿದ್ದವು. ಉಡಿಯ ತಟ್ಟೆ ಅವರ ಮುಂದೆ ಬೇಗ ಹಾದುಹೋಗುವ ಶ್ರಮವನ್ನೂ ತೆಗೆದುಕೊಳ್ಳಲಿಲ್ಲ. ಅಯ್ಯನವರ ಸತ್ಯ ಬಂದದ್ದು ಅದರಿಂದ ಅತ್ತಿಗೆಗೆ ಏನೂ ದಕ್ಕದ ದಿನ.

ಆಮೇಲೆ ಅಯ್ಯನವರು ಯಾರ ಗಣಾರಾಧನೆಯಲ್ಲೂ ಎದ್ದು ನಿಲ್ಲಲಿಲ್ಲ. ಕೇಳಿದರೆ, "ನೀವ ಹೇಳ್ರಿ" ಎನ್ನುವರು. ಊರು ನೆಮ್ಮದಿಯ ಉಸಿರು ಬಿಟ್ಟಿತು. ಕಲಿಯುಗದ ಕರ್ಣರು ಮತ್ತೆ ಸಾಲುಸಾಲಾಗಿ ಕೈಲಾಸಕ್ಕೆ ಹೊರಟರು. ಉಳ್ಳವರು ಹಣ್ಣು ಕಳಿಸುವುದನ್ನು ನಿಲ್ಲಿಸಿದರು.

ಒಂದು ಬೆಳಗ್ಗೆ ಜಗುಲಿಯಲ್ಲಿ ಕುಳಿತಿದ್ದಾಗ ಅವರು ತಾವಾಗಿಯೇ ಮಾತೆತ್ತಿದರು.

"ಪಂಡಿತ್ರ, ನಿಮ್ಮಣ್ಣನ ಜೋಡಿ ಬಳ್ಳಾರಿ ದವಾಖಾನಿಗೆ ಹೋದಾಂವ ನಾನ."

ಬಳ್ಳಾರಿಯ ಹೆಸರೆತ್ತುವಾಗ ಅಣ್ಣ ಅವರ ಮುಖವನ್ನೇ ಯಾಕೆ ನೋಡುತ್ತಿದ್ದನೆಂದು ಈಗ ತಿಳಿಯಿತು.

"ಹೊರಗ ಬೆಂಚಿನ ಮ್ಯಾಲ ಕುಂತಿದ್ದೆ. ಅವರು ಹೊರಗ ಬಂದಾಗ ಮಾರಿ ನೋಡಿದೆ, ತಿಳೀತು. ಅವತ್ತ ಮನಿಗೆ ಬಂದು ಆ ತಾಯಿಗೆ ಹೇಳಬಹುದಿತ್ತು. ಇಲ್ಲಾ, ನಿಮ್ಮಣ್ಣನ್ನ ಕುಂದ್ರಿಸಿ ಹೇಳಸಬಹುದಿತ್ತು."

"ಯಾಕೆ ಹೇಳಲಿಲ್ಲ?"

ಅವರು ಅಂಗಡಿಯ ಹಲಗೆಯ ಮೇಲಿನ ಪುಡಿಯನ್ನು ಅಂಗೈಯಿಂದ ಒಟ್ಟುಮಾಡಿದರು. "ಮಾತು ಚಲೋ ಇತ್ರಿ," ಎಂದರು ಕೊನೆಗೆ. "ಅವತ್ತ ಹೊಳದಿತ್ತು. ಅವರು ಸಾಯೋತನ ಇಟ್ಟಕೊಂಡಿದ್ದೆ."

ಇಂಥ ಕ್ರೌರ್ಯವನ್ನು ನಾನು ಬೇರೆಲ್ಲೂ ಕೇಳಿಲ್ಲ. ಇಂಥ ಪ್ರಾಮಾಣಿಕತೆಯನ್ನೂ ಕೇಳಿಲ್ಲ. ಹೆಂಗಸೊಬ್ಬಳು ತಟ್ಟೆ ಹಾದುಹೋಗುವುದನ್ನು ನೋಡುತ್ತ ಕುಳಿತಿದ್ದ ಅಷ್ಟೂ ವರ್ಷ, ಅವಳನ್ನು ಬಿಡಿಸಬಲ್ಲ ಮಾತು ಅದೇ ಓಣಿಯ ಒಂದು ಬಾಯಲ್ಲಿ ಹದಕ್ಕೆ ಬರುತ್ತಿತ್ತು.

"ಆ ತಾಯಿಗೆ ಇದು ಗೊತ್ತಿಲ್ರಿ," ಎಂದರು ಅಯ್ಯನವರು. "ಗೊತ್ತಿಲ್ಲದನ ಹೊಡದಾರ, ನೆಟ್ಟಗ ಬಂದು ಕುಂತೈತಿ. ನನ್ನ ಮಾತು ಅವರು ಹೇಳಿಬಿಟ್ರು. ನಾ ಹೋದ ಮ್ಯಾಲ ಬ್ಯಾರೆ ಹುಡಕಬ್ಯಾಡ್ರಿ. ನೀವ ಎದ್ದು ನಿಂತು ಅದನ್ನ ಅನಬೇಕು."

ಮರುದಿನ ಅವರು ಚಿಕ್ಕತ್ತಿಗೆಯ ಬಾಗಿಲಿಗೆ ಹೋಗಿ ಬಳ್ಳಾರಿಯ ಸಂಗತಿಯನ್ನೂ ಹೇಳಿ ಬಂದರಂತೆ. ಅತ್ತಿಗೆ ಏನೆಂದರೆಂದು ಅವರು ನನಗೆ ತಿಳಿಸಲಿಲ್ಲ. ಅತ್ತಿಗೆಯೂ ತಿಳಿಸಿಲ್ಲ.

ಹೋದ ಶ್ರಾವಣದಲ್ಲಿ ಅವರು ಲಿಂಗೈಕ್ಯರಾದರು. ಮಕ್ಕಳು ಸ್ನಾನ ಮಾಡಿಸಿ, ಹಣೆ, ತೋಳು, ಎದೆಗೆಲ್ಲ ವಿಭೂತಿ ಧರಿಸಿ ಗೋಡೆಗೊರಗಿಸಿ ಕೂರಿಸಿದ್ದರು. ನಾನು ಹತ್ತಿರ ಹೋಗಿ ನೋಡಿದೆ. ತುಟಿ ತೊಳೆದುಹೋಗಿತ್ತು. ಕಲೆಯಿಲ್ಲದ ಆ ಬಾಯಿ ಯಾರದೋ ಸಾಧಾರಣ ಮುದುಕರ ಬಾಯಿಯಂತೆ ಸ್ವಲ್ಪ ತೆರೆದಿತ್ತು. ನನ್ನ ಹೆಬ್ಬೆರಳಿಗೆ ಭಸ್ಮ ತಾಗಿಸಿಕೊಂಡು ಅವರ ಕೆಳತುಟಿಯ ನಡುವೆ ಒತ್ತಿದೆ.

ಗಣಾರಾಧನೆಯ ದಿನ ಪಂಕ್ತಿ ಕೂತಿತು. ಎಲ್ಲರ ಕಣ್ಣೂ ನನ್ನ ಮೇಲಿತ್ತು. ಗುರುಸಮಾನರಾದವರ ಆಜ್ಞೆ ನೆನಪಿತ್ತು. ಆದರೂ ಅವರ ಮಕ್ಕಳು ಎದುರಿಗೇ ಕುಳಿತಿರುವಾಗ ಆ ಮಾತು ನಾಲಿಗೆಗೆ ಏರಲಿಲ್ಲ. ಎದ್ದು ನಿಂತವನು, "ಶಿವಸ್ವರೂಪಿಗಳಾದ ಮಹನೀಯರೇ, ಸತ್ಯವೆಂಬ ಜ್ಯೋತಿಯನ್ನು ಮಿತವಾಕ್ಕೆಂಬ ಸೊಡರಿನಲ್ಲಿ ಬೆಳಗಿ, ಲೋಕದ ಡಂಭವೆಂಬ ಕತ್ತಲನ್ನು ಹರಿದ ನಮ್ಮ ಪೂಜ್ಯ ಅಯ್ಯನವರು..." ಎಂದು ಆರಂಭಿಸಿಬಿಟ್ಟೆ. ಒಂದು ವಾಕ್ಯ ಇನ್ನೊಂದನ್ನು ಕರೆಯಿತು. ರೂಪಕಗಳು ತಾವಾಗಿಯೇ ಬಂದವು. ಮಕ್ಕಳ ಮುಖ ಅರಳಿತು. ಯಾರೋ "ಹೌದ್ರಿ, ಹೌದ್ರಿ" ಎಂದರು. ಅನ್ನದ ಮೇಲಿನ ಆವಿ ನಿಂತಿತು.

ಬಡಿಸಲು ನಿಂತವರ ಸಾಲಿನಿಂದ ಒಂದು ಹೆಣ್ಣುದನಿ ಬಂತು.

"ಉದ್ದ ಆತ್ರಿ."

ಚಿಕ್ಕತ್ತಿಗೆ ಪಾಯಸದ ಪಾತ್ರೆ ಹಿಡಿದು ನಿಂತಿದ್ದರು. ಆ ನುಡಿ ಯಾರದೆಂದು ಊರಿಗೆಲ್ಲ ಗೊತ್ತು. ಹೋದವರೇ ಬಂದು ನನ್ನ ಹೆಗಲು ಮುಟ್ಟಿದಂತಾಯಿತು. ಒಂದೊಂದಾಗಿ ರೂಪಕಗಳನ್ನು ಕಳಚಿದೆ. ಜ್ಯೋತಿ, ಸೊಡರು, ಕತ್ತಲು. ಕೊನೆಗೆ ಉಳಿದದ್ದನ್ನು ಹೇಳಿದೆ:

"ಸತ್ತವರ ಮುಂದ ಇವರಿಗೆ ಭಾಳ ಧೈರ್ಯ ಇತ್ತು."

ಯಾರೂ ನಗಲಿಲ್ಲ. ಹಿರಿಯ ಮಗ ತಲೆ ತಗ್ಗಿಸಿದ. ಅಂದಿನಿಂದ ಅವನು ನನ್ನೊಡನೆ ಮಾತಾಡಿಲ್ಲ. ಜನ ಊಟಕ್ಕೆ ಕೈಹಾಕಿದರು. ನಾನು ಕುಳಿತು ಎಲೆಯನ್ನೇ ನೋಡುತ್ತಿದ್ದೆ. ಸಾಲಿನಲ್ಲಿ ಬಡಿಸುತ್ತ ಬಂದ ಚಿಕ್ಕತ್ತಿಗೆ ನನ್ನ ಮುಂದೆ ನಿಂತು ಒಂದು ಸೌಟು ಪಾಯಸ ಹಾಕಿದರು. ಒಂದು ಹೆಜ್ಜೆ ಮುಂದೆ ಹೋದವರು ಹಿಂದಿರುಗಿ ಬಂದು ಇನ್ನೊಂದು ಸೌಟು ಹಾಕಿದರು.